ಜೇಬಲ್ಲಿ ಇಡೋ ತುರ್ತು ಕಿಟ್‌ಗೆ ಯಾವ ಡಬ್ಬಿ ಒಳ್ಳೇದು?

ಘಟ್ಟದ_ದಾರಿಗ · ಜೂನ್ 8, ರಾತ್ರಿ 9:40

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಚಿಕ್ಕದು, ಆದರೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

ನಾಲ್ಕು ವರ್ಷದಿಂದ ಚಾರಣಕ್ಕೆ ಹೋಗುವಾಗೆಲ್ಲ ನನ್ನ ಪ್ಯಾಂಟ್ ಜೇಬಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಅಣ್ಣ ಅಮೆರಿಕದಿಂದ ತಂದಿದ್ದ ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟಿನ ಡಬ್ಬಿ. ಪೆಪ್ಪರ್‌ಮಿಂಟ್ ತಿಂದು ಮುಗಿಸಿ, ಒಳಗೆ ಬೆಂಕಿಕಡ್ಡಿ, ಅರ್ಧ ಬ್ಲೇಡು, ಸೂಜಿ ದಾರ, ಗಾಳದ ಕೊಕ್ಕೆ, ಎರಡು ಬ್ಯಾಂಡ್‌ಏಡ್, ಪ್ಯಾರಾಸಿಟಮಾಲ್, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆ ಎಲ್ಲ ತುರುಕಿದ್ದೆ. ಇಂಟರ್ನೆಟ್ಟಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ, ಅದನ್ನೇ ನೋಡಿ ಮಾಡಿದ್ದು. ಆಮೇಲೆ ಅದನ್ನು ಒಂದು ಸಲವೂ ತೆಗೆದು ನೋಡಿರಲಿಲ್ಲ.

ಹೋದ ಭಾನುವಾರ ಸಕಲೇಶಪುರದ ಕಡೆ ಗೆಳೆಯನ ತೋಟದ ಹಿಂದಿನ ಗುಡ್ಡಕ್ಕೆ ಹೋಗಿದ್ದೆವು. ಹಳ್ಳ ದಾಟುವಾಗ ಕಾಲು ಜಾರಿತು. ಸೊಂಟದ ತನಕ ನೀರು. ಏಟೇನೂ ಜಾಸ್ತಿ ಆಗಲಿಲ್ಲ, ಮೊಣಕೈ ತರಚಿತು ಅಷ್ಟೆ. ಬ್ಯಾಂಡ್‌ಏಡ್ ಬೇಕು ಅಂತ ಡಬ್ಬಿ ತೆಗೆದರೆ ಒಳಗೆ ಗಂಜಿ. ಬೆಂಕಿಕಡ್ಡಿಯ ಮದ್ದು ಕರಗಿ ಕೆಂಪಗೆ ಹರಿದಿದೆ. ಬ್ಲೇಡು ತುಕ್ಕು ಹಿಡಿದು ತಳಕ್ಕೆ ಅಂಟಿಕೊಂಡಿದೆ. ಕ್ಲೋರಿನ್ ಮಾತ್ರೆ ಉಬ್ಬಿ ಪುಡಿಯಾಗಿದೆ. ಮುಚ್ಚಳದ ಮೂಲೆಯಲ್ಲಿ ತುಕ್ಕಿನ ತೂತು, ಬೆಳಕು ಹಿಡಿದರೆ ಆಚೆ ಕಾಣುತ್ತೆ. ಇದು ಬರೀ ಆ ದಿನದ ನೀರಿನ ಕೆಲಸ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ವರ್ಷಗಟ್ಟಲೆ ಒಳಗೆ ಕೊಳೆಯುತ್ತಾ ಇತ್ತು.

ಈಗ ಹೊಸದು ಮಾಡಬೇಕು. ಜೇಬಲ್ಲಿ ಹಿಡಿಸಬೇಕು, ನಮ್ಮ ಮಳೆ ತಡೆಯಬೇಕು, ಇಲ್ಲೇ ಸಿಗಬೇಕು. ತಗಡಾ, ಪ್ಲಾಸ್ಟಿಕ್ಕಾ? ಏನು ಬಳಸುತ್ತಿದ್ದೀರಿ ಹೇಳಿ.

ಕಂಪಾಸ್_ಬಾಕ್ಸ್ · ಜೂನ್ 8, ರಾತ್ರಿ 10:05

ನನ್ನ ಹೆಸರಲ್ಲೇ ಉತ್ತರ ಇದೆ. ಮಗನ ಹಳೇ ಕಂಪಾಸ್ ಬಾಕ್ಸ್. ಗಟ್ಟಿ ತಗಡು, ಒಳಗೆ ಪೆನ್ಸಿಲ್, ಚಿಕ್ಕ ಟಾರ್ಚ್ ಎಲ್ಲ ಹಿಡಿಸುತ್ತೆ. ಆರು ವರ್ಷದಿಂದ ಬ್ಯಾಗಿನಲ್ಲಿದೆ.

ಜೇಬಿಲ್ಲದವಳು · ಜೂನ್ 8, ರಾತ್ರಿ 10:12

15 ಸೆಂಟಿಮೀಟರ್ ಸ್ಕೇಲು ಮಲಗುವ ಡಬ್ಬಿ ಯಾವ ಜೇಬಿಗೆ ಹೋಗುತ್ತೆ ಸರ್? ಅದು ಬ್ಯಾಗಿನ ಡಬ್ಬಿ. ಅವರು ಕೇಳಿದ್ದು ಜೇಬಿನದ್ದು. ಬ್ಯಾಗು ಹಳ್ಳದಲ್ಲಿ ತೇಲಿ ಹೋದರೂ ಮೈಮೇಲೆ ಉಳಿಯಬೇಕಾದದ್ದು.

ಇನ್ನು ಜೇಬಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಹೆಂಗಸರ ಟ್ರ್ಯಾಕ್ ಪ್ಯಾಂಟಿನ ಜೇಬು ಅಂದರೆ ಎರಡು ಬೆರಳು ಹೋಗುವ ಅಲಂಕಾರ. ಲೆಗ್ಗಿಂಗ್ಸ್‌ಗೆ ಅದೂ ಇಲ್ಲ. ತಗಡಿನ ಡಬ್ಬಿ ಇಟ್ಟರೆ ಪ್ಯಾಂಟೇ ಕೆಳಗೆ ಜಾರುತ್ತೆ. ಹಾಗಾಗಿ ಡಬ್ಬಿ ಹುಡುಕುವ ಮೊದಲು ಅದು ಮೈಮೇಲೆ ಎಲ್ಲಿ ಕೂರಬೇಕು ಅಂತ ನೋಡಿಕೊಳ್ಳಿ. ಶರ್ಟ್ ಜೇಬಾದರೆ ಚಪ್ಪಟೆ ಇರಬೇಕು. ಕೊರಳಿಗೆ ನೇತು ಹಾಕುವುದಾದರೆ ಉರುಟು, ಹಗುರ. ನಾನು ಕೊರಳಿಗೆ ಹಾಕುತ್ತೇನೆ. ಏನು ಅಂತ ಆಮೇಲೆ ಬರೆಯುತ್ತೇನೆ, ಈಗ ಅಪ್ಪನ ಊಟದ ಹೊತ್ತು.

ಸುಮ್ನೆ_ಕೇಳ್ದೆ · ಜೂನ್ 8, ರಾತ್ರಿ 10:30

ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಡಬ್ಬಿಯಿಂದ ಯಾರಾದರೂ ಜೀವ ಉಳಿಸಿಕೊಂಡಿದ್ದೀರಾ? ಎಲ್ಲಿಗೆ ಹೋಗ್ತೀನಿ, ಎಷ್ಟು ಹೊತ್ತಿಗೆ ಬರ್ತೀನಿ ಅಂತ ಮನೇಲಿ ಹೇಳಿ ಹೋಗಿ. ಫೋನ್ ಚಾರ್ಜ್ ಇಟ್ಟುಕೊಳ್ಳಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ. ಗಾಳದ ಕೊಕ್ಕೆ, ಸೂಜಿ ದಾರ ಎಲ್ಲ ಚಿಕ್ಕ ಮಕ್ಕಳ ಆಟ ಅನ್ನಿಸುತ್ತೆ ನಂಗೆ.

ಘಟ್ಟದ_ದಾರಿಗ · ಜೂನ್ 8, ರಾತ್ರಿ 10:51

ಬೇಜಾರೇನಿಲ್ಲ, ಅರ್ಧ ಒಪ್ಪುತ್ತೇನೆ. ಆದರೆ ಆ ಭಾನುವಾರ ನನ್ನ ಫೋನು ಬ್ಯಾಗಲ್ಲಿತ್ತು. ಬ್ಯಾಗು ಮುಂದೆ ಹೋದ ಗೆಳೆಯನ ಹೆಗಲಲ್ಲಿತ್ತು. ಅವನು ಹಳ್ಳದ ಆಚೆ, ನಾನು ಈಚೆ. ನೀರಿನ ಸದ್ದಿಗೆ ಕೂಗಿದರೂ ಕೇಳಲಿಲ್ಲ. ಇಪ್ಪತ್ತು ನಿಮಿಷ ಒಬ್ಬನೇ ನಿಂತಿದ್ದೆ. ನೆಟ್‌ವರ್ಕಂತೂ ಅಲ್ಲಿ ಯಾರಿಗೂ ಇರಲಿಲ್ಲ. ಒಂದು ಸೀಟಿ ಇದ್ದಿದ್ದರೆ ಸಾಕಿತ್ತು.

ಗಾಳದ ಕೊಕ್ಕೆ ತೆಗೆದು ಬಿಸಾಕಿದೆ ಬಿಡಿ. ನಾಲ್ಕು ಗಂಟೆ ದಾರಿ ತಪ್ಪಿದವನಿಗೆ ಮೀನು ಯಾಕೆ!

ಪೀಣ್ಯ_ಮೋಲ್ಡಿಂಗ್ · ಜೂನ್ 9, ಬೆಳಗ್ಗೆ 7:15

ಹದಿನೆಂಟು ವರ್ಷ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ನಿಮ್ಮ ತಗಡಿನ ಡಬ್ಬಿ ಯಾಕೆ ತೂತಾಯಿತು ಅಂತ ನೋಡೋಣ. ಅದು ಉಕ್ಕಿನ ಹಾಳೆ, ಮೇಲೆ ತವರದ ತೆಳ್ಳಗಿನ ಲೇಪ. ಲೇಪ ಇಡೀ ಇರುವ ತನಕ ಸರಿ. ಒಂದು ಕಡೆ ಗೀರು ಬಿದ್ದರೆ ಕಥೆ ಉಲ್ಟಾ. ಸತುವಿನ ಲೇಪ ಇರುವ ಬಕೆಟ್ಟಿಗೆ ಗೀರು ಬಿದ್ದರೆ ಸತುವೇ ಮೊದಲು ಸವೆದು ಉಕ್ಕನ್ನು ಕಾಯುತ್ತೆ. ತವರ ಹಾಗೆ ಮಾಡಲ್ಲ. ತಾನು ಉಳಿದುಕೊಂಡು ಉಕ್ಕನ್ನು ಇನ್ನೂ ಬೇಗ ತುಕ್ಕಿಗೆ ತಳ್ಳುತ್ತೆ. ಜೇಬಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಉಜ್ಜಿ ಮೂಲೆಯ ಲೇಪ ಹೋಗಿರುತ್ತೆ. ಅದರ ಮೇಲೆ ಬೆವರಿನ ಉಪ್ಪು. ಒಳಗೆ ಕ್ಲೋರಿನ್ ಮಾತ್ರೆ ಬೇರೆ. ಅದು ತೇವ ಹೀರಿ ಬಿಡುವ ಗಾಳಿ ಕಬ್ಬಿಣಕ್ಕೆ ವಿಷ. ನಾಲ್ಕು ವರ್ಷ ತಡೆದಿದ್ದೇ ದೊಡ್ಡದು.

ಇನ್ನೊಂದು ವಿಷಯ. ಆ ಡಬ್ಬಿಯ ಹಿಂದೆ ಮುಚ್ಚಳ ಸಿಕ್ಕಿಸುವ ಕಡೆ ನೋಡಿ, ಸೀಳು ಇರುತ್ತೆ. ಅಲ್ಲಿಂದ ನೀರು ಸಲೀಸಾಗಿ ಒಳಗೆ ಬರುತ್ತೆ. ಅದನ್ನು ಮಾಡಿದ್ದು ಪೆಪ್ಪರ್‌ಮಿಂಟಿಗೆ, ಹಳ್ಳಕ್ಕಲ್ಲ.

ಪ್ಲಾಸ್ಟಿಕ್ಕಿಗೆ ಬಂದರೆ, ಡಬ್ಬಿ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ, ನೋಡಿ. 5 ಇದ್ದರೆ ಪಾಲಿಪ್ರೊಪಿಲೀನ್. ನಿಮಗೆ ಬೇಕಾದ್ದು ಇದು. ಮುಚ್ಚಳ ಮತ್ತು ಡಬ್ಬಿ ಒಂದೇ ತುಂಡಾಗಿ ಮಡಚುವ ಡಬ್ಬಿಗಳು ಇದರಿಂದಲೇ ಆಗುವುದು. ಸಾವಿರಾರು ಸಲ ಮಡಚಿದರೂ ಆ ಜಾಗ ತುಂಡಾಗಲ್ಲ. 2 ಇದ್ದರೂ ಒಳ್ಳೇದು, ಸ್ವಲ್ಪ ಮೆದು ಅಷ್ಟೆ. 6 ಬೇಡ. ಗಾಜಿನಂತೆ ಚೆಂದ ಕಾಣುತ್ತೆ, ಕಲ್ಲಿನ ಮೇಲೆ ಕೂತರೆ ಟಪ್ ಅಂತ ಒಡೆಯುತ್ತೆ. ಗುಂಡುಪಿನ್ನು ತುಂಬಿ ಮಾರುವ ಪಾರದರ್ಶಕ ಡಬ್ಬಿಗಳು ಹೆಚ್ಚಾಗಿ ಇದೇ ಜಾತಿ.

ನನ್ನ ಸಲಹೆ ಬೇರೆಯೇ ಇದೆ. ಸೋಡಾ ಬಾಟಲಿ ಊದುವ ಮೊದಲು ಪ್ರಿಫಾರ್ಮ್ ಅಂತ ಬರುತ್ತೆ. ನೋಡಲು ಲ್ಯಾಬಿನ ಪರೀಕ್ಷಾ ನಳಿಕೆ ಇದ್ದ ಹಾಗೆ. ಗೋಡೆ ಮೂರು ನಾಲ್ಕು ಮಿಲಿಮೀಟರ್ ದಪ್ಪ, ಬೈಕ್ ಹತ್ತಿಸಿದರೂ ಏನೂ ಆಗಲ್ಲ. ಕೊರಳಿನ ಅಳತೆ ಬಾಟಲಿಯದ್ದೇ, ಹಾಗಾಗಿ ಸೋಡಾ ಬಾಟಲಿಯ ಮುಚ್ಚಳ ಸರಿಯಾಗಿ ಕೂರುತ್ತೆ. ಸೋಡಾದ ಒತ್ತಡವನ್ನೇ ತಡೆಯುವ ಮುಚ್ಚಳ, ಹಳ್ಳದ ನೀರು ಯಾವ ಲೆಕ್ಕ? ವಿದೇಶದಲ್ಲಿ ಜಿಯೋಕ್ಯಾಶಿಂಗ್ ಅಂತ ಜಿಪಿಎಸ್ ಹಿಡಿದು ಡಬ್ಬಿ ಹುಡುಕುವ ಆಟ ಇದೆ. ಅದಕ್ಕೆ ಮರದ ಬುಡದಲ್ಲಿ ಮಳೆಗೆ ಬಿಡುವ ಡಬ್ಬಿಗಳಲ್ಲಿ ಇದೂ ಒಂದು. ಪಕ್ಕದ ಬಾಟಲಿ ಯೂನಿಟ್ಟಲ್ಲಿ ಕೇಳಿದರೆ ನಾಲ್ಕೈದು ಸುಮ್ನೆ ಕೊಡುತ್ತಾರೆ. ಒಂದೇ ಎಚ್ಚರಿಕೆ: ಬಿಸಿ ನೀರು ಹಾಕಬೇಡಿ. 70-80 ಡಿಗ್ರಿಗೆ ಮೆತ್ತಗಾಗುತ್ತೆ.

ಹಳೆ_ತಗಡು · ಜೂನ್ 9, ಬೆಳಗ್ಗೆ 8:40

ತಗಡಿನ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ. ಹಳೇ ಡಬ್ಬಿ ಕೂಡಿಡುವುದು ನನ್ನ ಹುಚ್ಚು.

ಈ ಜೇಬಿನ ಡಬ್ಬಿ ಪೆಪ್ಪರ್‌ಮಿಂಟಿನಿಂದ ಶುರುವಾಗಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಂಐ9 ಅನ್ನುವ ಗುಪ್ತ ವಿಭಾಗ ವಿಮಾನ ಸಿಬ್ಬಂದಿಗೆ ಒಂದೊಂದು ಪೆಟ್ಟಿಗೆ ಕೊಡುತ್ತಿತ್ತು. ಶತ್ರುಗಳ ನೆಲದಲ್ಲಿ ಬಿದ್ದರೆ ತಪ್ಪಿಸಿಕೊಂಡು ಬರಲಿ ಅಂತ. ಮೊದಮೊದಲು ಅದು 50 ಸಿಗರೇಟು ಹಿಡಿಯುವ ಚಪ್ಪಟೆ ತಗಡಿನ ಡಬ್ಬಿ. ಒಳಗೆ ಹಾರ್ಲಿಕ್ಸ್ ಮಾತ್ರೆ, ಚಾಕಲೇಟು, ನೀರು ಶುದ್ಧ ಮಾಡುವ ಮಾತ್ರೆ, ನಿದ್ದೆ ಬಾರದಂತೆ ಬೆಂಜೆಡ್ರಿನ್, ಬೆಂಕಿಕಡ್ಡಿ, ಸೂಜಿ ದಾರ, ನೀರು ತುಂಬಲು ರಬ್ಬರ್ ಚೀಲ. ಆಮೇಲೆ ಬ್ರಿಟಿಷ್ ಸೈನಿಕರು ತಂಬಾಕಿನ ಡಬ್ಬಿ ಹಿಡಿದರು. ಅಮೆರಿಕದವರು ಪೆಪ್ಪರ್‌ಮಿಂಟ್ ಡಬ್ಬಿ ಹಿಡಿದರು. ಯಾರ ಜೇಬಲ್ಲಿ ಏನು ಇತ್ತೋ ಅದು.

ತಗಡಿಗೆ ಒಂದು ಗುಣ ಇದೆ, ಪ್ಲಾಸ್ಟಿಕ್ಕಿಗೆ ಸಾಧ್ಯವೇ ಇಲ್ಲ. ಅದರಲ್ಲಿ ನೀರು ಕುದಿಸಬಹುದು.

ಪೀಣ್ಯ_ಮೋಲ್ಡಿಂಗ್ · ಜೂನ್ 9, ಬೆಳಗ್ಗೆ 9:02

ಕಥೆ ಅಲ್ಲಿಗೇ ನಿಲ್ಲಿಸಿದಿರಲ್ಲ ಸರ್. ಆ ಎಂಐ9 ಕೂಡ ಕೊನೆಗೆ ತಗಡು ಬಿಟ್ಟು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಗೆ ಬಂತು ಅಂತ ಓದಿದ ನೆನಪು. 😄

ಹಳೆ_ತಗಡು · ಜೂನ್ 9, ಬೆಳಗ್ಗೆ 9:10

ಹೌದು ಮಾರಾಯ್ರೆ, ಬಂತು. ಅಷ್ಟು ಬೇಗ ಹಿಡಿಯುತ್ತೀರಿ ಅಂತ ಗೊತ್ತಿರಲಿಲ್ಲ.

ಘಟ್ಟದ_ದಾರಿಗ · ಜೂನ್ 9, ರಾತ್ರಿ 8:20

ನೀರು ಕುದಿಸುವ ವಿಷಯ ಮನೆಯಲ್ಲೇ ಮಾಡಿ ನೋಡಿದೆ. ಇನ್ನೊಂದು ಅಂಥದ್ದೇ ಡಬ್ಬಿ ಇತ್ತು. ಅಳತೆ ಸುಮಾರು 95 x 60 x 20 ಮಿಲಿಮೀಟರ್. ಲೆಕ್ಕದಲ್ಲಿ 110 ಮಿಲಿಲೀಟರ್ ಹಿಡಿಸಬೇಕು. ನಿಜವಾಗಿ ತುಂಬಿದ್ದು 80 ಮಿಲಿ. ಅದಕ್ಕಿಂತ ಜಾಸ್ತಿ ಹಾಕಿದರೆ ಹಿಂದಿನ ಸೀಳಿನಿಂದ ಸೋರುತ್ತೆ. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಮೇಲೆ ಇಟ್ಟೆ. ಬಣ್ಣ ಸುಟ್ಟು ಮನೆಯೆಲ್ಲ ವಾಸನೆ, ಹೆಂಡತಿ ಕಿಟಕಿ ತೆಗೆದಳು. ಕುದಿಯಿತು, ಸುಳ್ಳು ಹೇಳಲ್ಲ. ಒಂದು ಕಾಫಿ ಲೋಟದಷ್ಟೂ ಇಲ್ಲ. ಒಂದು ಲೀಟರ್ ಆಗಬೇಕಾದರೆ ಹನ್ನೆರಡು ಹದಿಮೂರು ಸಲ ಕುದಿಸಬೇಕು. ಅಷ್ಟು ಹೊತ್ತು ಬೆಂಕಿ ಬೇಕು. ಇಕ್ಕಳ ಬೇರೆ ಬೇಕು. ಒಳಗಿದ್ದ ಸಾಮಾನನ್ನು ಆಗ ಎಲ್ಲಿಡೋದು?

ಕ್ಲೋರಿನ್ ಮಾತ್ರೆ ಸಾಕು ಅನ್ನಿಸಿತು. ಜೊತೆಗೆ ಒಂದು ಪ್ಲಾಸ್ಟಿಕ್ ಕವರು, ನೀರು ತುಂಬಲಿಕ್ಕೆ.

ತೀರ್ಥಹಳ್ಳಿ_ತೋಟ · ಜೂನ್ 9, ರಾತ್ರಿ 9:30

ಕಾಡಲ್ಲಿ ಬೆಂಕಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಅಭಯಾರಣ್ಯದಲ್ಲಿ ಅಪಾಯ ಆಗುವ ಹಾಗೆ ಬೆಂಕಿ ಹಾಕಿದರೆ 1972ರ ವನ್ಯಜೀವಿ ಕಾಯ್ದೆಯೂ ಬರುತ್ತೆ. ಜೀವ ಹೋಗುವ ಹೊತ್ತಲ್ಲಿ ಯಾರೂ ಕಾಯ್ದೆ ಪುಸ್ತಕ ತೆಗೆಯುವುದಿಲ್ಲ ಅನ್ನುವುದು ಸರಿ. ಆದರೆ ಫೋಟೋಕ್ಕೆ ಅಂತ ಬೆಂಕಿ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಷಾಢದ ಮಳೆಯಲ್ಲಿ ಆ ಬೆಂಕಿ ಹತ್ತುವುದೂ ಇಲ್ಲ. ಬಚ್ಚಲು ಒಲೆಗೇ ಬೇಸಿಗೆಯಲ್ಲಿ ಕೂಡಿಟ್ಟ ಸೌದೆ ಬೇಕು ನಮಗೆ.

ಇನ್ನು ಡಬ್ಬಿ. ನನಗೆ 68 ವರ್ಷ. ನೀವೆಲ್ಲ ಹುಡುಕುತ್ತಿರುವುದು ನಮ್ಮ ಅಪ್ಪನ ಸೊಂಟದಲ್ಲೇ ಇತ್ತು. ಎಲೆ ಅಡಿಕೆ ಸಂಚಿ. ಬಟ್ಟೆಯದ್ದು, ಒಳಗೆ ಮೂರು ನಾಲ್ಕು ಖಾನೆ, ಮೇಲೆ ದಾರ ಎಳೆದರೆ ಬಾಯಿ ಮುಚ್ಚುತ್ತೆ. ಎಲೆ ಒಂದು ಖಾನೆ, ಅಡಿಕೆ ಒಂದು, ಹೊಗೆಸೊಪ್ಪು ಒಂದು. ನಡುವೆ ಹಿತ್ತಾಳೆಯ ಪುಟ್ಟ ಸುಣ್ಣದ ಡಬ್ಬಿ. ಇದರ ಜೊತೆಗೆ ಅಡಿಕೆ ಕತ್ತರಿ, ಒಂದು ಸೂಜಿ, ಚೂರು ದಾರ, ಬೀಗದ ಕೈ, ನಾಲ್ಕು ಕಾಸು. ಕಾಡಿಗೆ ಸೊಪ್ಪಿಗೆ ಹೋದಾಗ ಇಂಬಳ (ಜಿಗಣೆ) ಹತ್ತಿದರೆ ಹೊಗೆಸೊಪ್ಪು, ಸುಣ್ಣ ಕೈಗೇ ಸಿಗುತ್ತಿತ್ತು. ಮುಳ್ಳು ಹೊಕ್ಕರೆ ಸೂಜಿ. ಅಪ್ಪ ಅದನ್ನು ತುರ್ತು ಕಿಟ್ ಅಂತ ಕರೆದವರಲ್ಲ. ದಿನಾ ಬೇಕಾಗುವ ವಸ್ತು, ಹಾಗಾಗಿ ದಿನಾ ತೆಗೆಯುತ್ತಿದ್ದರು, ದಿನಾ ತುಂಬುತ್ತಿದ್ದರು. ನಾಲ್ಕು ವರ್ಷ ತೆಗೆಯದೆ ಇಟ್ಟದ್ದು ಕೊಳೆಯದೆ ಇನ್ನೇನಾಗುತ್ತೆ?

ಸುಣ್ಣದ ಡಬ್ಬಿಯ ಮುಚ್ಚಳ ಗಮನಿಸಿ. ಸುಣ್ಣ ಒಣಗಬಾರದು, ಹಾಗಾಗಿ ಅದು ಬಿಗಿಯಾಗಿ ಕೂರಬೇಕು. ಒಳ್ಳೇ ಕಂಚುಗಾರ ಮಾಡಿದ್ದಾದರೆ ತೆಗೆಯುವಾಗ ಪಟ್ ಅಂತ ಸದ್ದು ಬರುತ್ತೆ.

ಘಟ್ಟದ_ದಾರಿಗ · ಜೂನ್ 9, ರಾತ್ರಿ 9:48

ಸರ್, ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. 🙏

ಜೇಬಿಲ್ಲದವಳು · ಜೂನ್ 10, ಮಧ್ಯಾಹ್ನ 1:30

ಹೇಳುತ್ತೇನೆ ಅಂದಿದ್ದೆ ಅಲ್ವಾ. ನನ್ನ ಡಬ್ಬಿ ಬಂದದ್ದು ಅಪ್ಪನ ಶುಗರ್‌ನಿಂದ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ನಿಮಗೂ ಗೊತ್ತಿರುತ್ತೆ. ಶುಗರ್ ನೋಡುವ ಮಿಷನ್ನಿಗೆ ಸ್ಟ್ರಿಪ್ ಬರುತ್ತೆ. 25 ಅಥವಾ 50 ಸ್ಟ್ರಿಪ್ಪಿನ ಪುಟ್ಟ ಡಬ್ಬಿ, ಹೆಬ್ಬೆರಳಲ್ಲಿ ಎತ್ತಿದರೆ ತೆರೆಯುವ ಮುಚ್ಚಳ. ಸ್ಟ್ರಿಪ್ಪಿಗೆ ಸ್ವಲ್ಪ ತೇವ ತಗುಲಿದರೂ ರೀಡಿಂಗ್ ತಪ್ಪಾಗುತ್ತೆ. ಹಾಗಾಗಿ ಕಂಪನಿಯವರು ತಲೆ ಕೆಡಿಸಿಕೊಂಡು ಮಾಡಿದ ಡಬ್ಬಿ ಅದು. ಒಳಗೋಡೆಯಲ್ಲೇ ತೇವ ಹೀರುವ ಪದಾರ್ಥ ಇರುತ್ತೆ. ಎರಡು ತಿಂಗಳಿಗೊಂದು ಡಬ್ಬಿ ಕಸಕ್ಕೆ ಹೋಗುತ್ತಿತ್ತು. ಒಂದು ದಿನ ಕಸದ ಬುಟ್ಟಿಯಿಂದ ಎತ್ತಿಕೊಂಡೆ.

ನಮ್ಮ ಹಳೇ ಫಿಲ್ಮ್ ರೋಲ್ ಡಬ್ಬಿಯ ಜಾಗಕ್ಕೆ ಈಗ ಇದೇ ಬಂದಿದೆ ಅನ್ನಬಹುದು. ಅದಕ್ಕಿಂತ ಸ್ವಲ್ಪ ಸಪೂರ. ಬೆಂಕಿಕಡ್ಡಿ ಕೆಲವದಕ್ಕೆ ಸರಿಯಾಗಿ ಕೂರುತ್ತೆ, ಕೆಲವದಕ್ಕೆ ಬುಡ ಸ್ವಲ್ಪ ಮುರಿಯಬೇಕು. ಎರಡು ಬ್ಯಾಂಡ್‌ಏಡ್ ಸುತ್ತಿ ಇಡಬಹುದು. ಸುತ್ತ ಸೈಕಲ್ ಟ್ಯೂಬಿನ ಎರಡು ಉಂಗುರ ಕತ್ತರಿಸಿ ಬಿಗಿದಿದ್ದೇನೆ. ಮುಚ್ಚಳ ತಾನಾಗಿ ತೆರೆಯಲ್ಲ, ಅಲ್ಲದೆ ಆ ರಬ್ಬರು ಒದ್ದೆಯಲ್ಲೂ ಉರಿಯುತ್ತೆ. ಒಂದು ದಾರ ಕಟ್ಟಿ, ಪಕ್ಕದಲ್ಲಿ ಸೀಟಿ ಪೋಣಿಸಿ ಕೊರಳಿಗೆ. ಸೀಟಿಯನ್ನು ಯಾವತ್ತೂ ಡಬ್ಬಿಯೊಳಗೆ ಇಡಬೇಡಿ. ಬೇಕಾದಾಗ ಬಾಯಿಗೆ ಸಿಗಬೇಕು.

ಖರ್ಚು: ಸೊನ್ನೆ. ಸೀಟಿಗೆ 40 ರೂಪಾಯಿ.

ಸಿಸ್ಟರ್_ಹಾಸನ · ಜೂನ್ 10, ಸಂಜೆ 6:10

ಐಡಿಯಾ ಚೆನ್ನಾಗಿದೆ ಅಕ್ಕ. ಆದರೆ ನರ್ಸಾಗಿ ಒಂದು ಮಾತು ಹೇಳಲೇಬೇಕು. ತುಂಬಾ ಮನೆಗಳಲ್ಲಿ ರಕ್ತ ಹಚ್ಚಿದ ಸ್ಟ್ರಿಪ್ಪು, ಚುಚ್ಚಿದ ಸೂಜಿ ಎಲ್ಲ ಅದೇ ಖಾಲಿ ಡಬ್ಬಿಗೆ ತುಂಬಿ ಬಿಸಾಕುತ್ತಾರೆ. ಕೈಗೆ ಚುಚ್ಚದಿರಲಿ ಅಂತ. ಹಾಗಾಗಿ ಯಾರದ್ದೋ ಮನೆಯ ಡಬ್ಬಿ, ಕಸದಲ್ಲಿ ಸಿಕ್ಕ ಡಬ್ಬಿ ಬೇಡವೇ ಬೇಡ. ನಿಮ್ಮ ಕಣ್ಣೆದುರು ಖಾಲಿಯಾದದ್ದು ಮಾತ್ರ ತಗೊಳ್ಳಿ. ಇನ್ನೊಂದು, ಆ ತೇವ ಹೀರುವ ಗುಣ ಶಾಶ್ವತ ಅಲ್ಲ. ಮುಚ್ಚಳ ತೆಗೆದು ವಾರಗಟ್ಟಲೆ ಇಟ್ಟರೆ ಅದಕ್ಕೆ ಹೀರುವಷ್ಟು ಹೀರಿ ಆಗಿರುತ್ತೆ.

ಶುಗರ್ ಇಲ್ಲದ ಮನೆಯವರಿಗೆ ಬೇರೆ ದಾರಿ: ನೀರಲ್ಲಿ ಹಾಕಿದರೆ ಬುಸ್ ಅನ್ನುವ ವಿಟಮಿನ್ ಮಾತ್ರೆ ಬರುತ್ತಲ್ಲ, ಅದರ ಉದ್ದನೆ ಟ್ಯೂಬು. ಮುಚ್ಚಳದೊಳಗೇ ತೇವ ಹೀರುವ ಹರಳು ಇರುತ್ತೆ. ಉದ್ದ ಜಾಸ್ತಿ, ಪ್ಯಾಂಟ್ ಜೇಬಲ್ಲಿ ಕೂತರೆ ತೊಡೆಗೆ ಒತ್ತುತ್ತೆ. ಇನ್ನೂ ಅಗ್ಗ ಬೇಕಾದರೆ ಮೆಡಿಕಲ್ ಶಾಪಲ್ಲಿ ಮೂತ್ರ ಪರೀಕ್ಷೆಗೆ ಕೊಡುವ ಹೊಸ ಡಬ್ಬಿ. ತಿರುಗಿಸುವ ಮುಚ್ಚಳ, ಸೋರಬಾರದು ಅಂತಲೇ ಮಾಡಿದ್ದು. ನಗಬೇಡಿ, ಹೊಸದು ಸ್ವಚ್ಛವಾಗಿಯೇ ಇರುತ್ತೆ. ಗೆಳೆಯರ ಮುಂದೆ ತೆಗೆಯಲು ನಾಚಿಕೆ ಆದರೆ ಮೇಲೆ ಟೇಪು ಸುತ್ತಿ.

ಮಾತ್ರೆ ಬಗ್ಗೆ: ದಾರಿಗರೇ, ನಿಮ್ಮ ಕ್ಲೋರಿನ್ ಮಾತ್ರೆ ಪುಡಿಯಾಗಿದ್ದಕ್ಕೆ ಡಬ್ಬಿ ಒಂದೇ ಕಾರಣ ಅಲ್ಲ ಅನ್ನಿಸುತ್ತೆ. ಜಾಗ ಉಳಿಸಲು ಫಾಯಿಲನ್ನು ಅಂಚಿಗೇ ಕತ್ತರಿಸಿದ್ದಿರಾ? ಸುತ್ತ ಅಂಚು ಬಿಟ್ಟು ಕತ್ತರಿಸಬೇಕು. ಸೀಲು ಬಿಚ್ಚಿದರೆ ಅದು ಬರೀ ಸುಣ್ಣದ ಪುಡಿ. ಯಾವ ಮಾತ್ರೆಯನ್ನೂ ಸ್ಟ್ರಿಪ್ಪಿಂದ ಬಿಡಿಸಿ ಹಾಕಬೇಡಿ. ಬಿಳಿ ಮಾತ್ರೆ ಎಲ್ಲ ಒಂದೇ ಥರ ಕಾಣುತ್ತೆ, ಯಾವುದು ಯಾವುದಕ್ಕೆ ಅಂತ ಆಮೇಲೆ ತಿಳಿಯಲ್ಲ. ಎಕ್ಸ್‌ಪೈರಿ ತಾರೀಖು ಒಂದು ಚೀಟಿಯಲ್ಲಿ ಬರೆದಿಡಿ.

ಕೆಲವರು ಪೊಟ್ಯಾಸಿಯಂ ಪರ್ಮಾಂಗನೇಟ್ ಇಡುತ್ತಾರೆ. ಇಡುವುದಾದರೆ ಗ್ಲಿಸರಿನ್ ಪಕ್ಕದಲ್ಲಿ ಬೇಡ. ಎರಡೂ ಸೇರಿದರೆ ಜೇಬಲ್ಲೇ ಬೆಂಕಿ.

ಹಿರಿಯರೇ, ಇಂಬಳ ಕಚ್ಚಿದ ಗಾಯಕ್ಕೆ ದಯವಿಟ್ಟು ಸುಣ್ಣ ಹಚ್ಚಬೇಡಿ. ಉಗುರಿಂದ ಮೆಲ್ಲಗೆ ಜಾರಿಸಿ ತೆಗೆದರೆ ಆಯಿತು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಅದಕ್ಕೇ ಸುಮಾರು ಹೊತ್ತು ಒಸರುತ್ತೆ. ಒತ್ತಿ ಹಿಡಿದು ಬಟ್ಟೆ ಕಟ್ಟಿದರೆ ಸಾಕು.

ತೀರ್ಥಹಳ್ಳಿ_ತೋಟ · ಜೂನ್ 10, ರಾತ್ರಿ 8:15

ಅರವತ್ತು ವರ್ಷ ಹಚ್ಚಿದ್ದೇನೆ ಸಿಸ್ಟರ್. ಉರಿಯುತ್ತೆ ಅನ್ನುವುದಂತೂ ನಿಜ.

ಓಸ್ಲೋ_ಕನ್ನಡಿಗ · ಜೂನ್ 11, ಬೆಳಗಿನ ಜಾವ 2:20

ನಾರ್ವೆಯಿಂದ. ಇಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವ ಹಾಗಿಲ್ಲ. ಬೆಂಕಿಯ ಮಾತು ಇಷ್ಟಕ್ಕೇ ಬಿಡುತ್ತೇನೆ.

ನಾನು ಕಲಿತದ್ದು ಬೇರೆ. ಮೂರು ವರ್ಷದ ಹಿಂದೆ ಚಳಿಯಲ್ಲಿ ಕೈ ಮರಗಟ್ಟಿದಾಗ ನನ್ನ ಡಬ್ಬಿಯನ್ನು ನನಗೇ ತೆಗೆಯಲು ಆಗಲಿಲ್ಲ. ನೀರು ಹೋಗಬಾರದು ಅಂತ ಅಷ್ಟು ಬಿಗಿ ಮುಚ್ಚಳದ್ದು ತಂದಿದ್ದೆ. ಕೊನೆಗೆ ಹಲ್ಲಲ್ಲಿ ಕಚ್ಚಿ ತೆಗೆದೆ. ಒಳಗಿದ್ದದ್ದೆಲ್ಲ ಹಿಮದ ಮೇಲೆ ಚೆಲ್ಲಿತು. ಸೂಜಿ ಸಿಗಲೇ ಇಲ್ಲ.

ಅಂದಿನಿಂದ ಯಾವ ಡಬ್ಬಿ ತಂದರೂ ಮನೆಯಲ್ಲಿ ಪರೀಕ್ಷೆ ಮಾಡುತ್ತೇನೆ. ಐಸ್ ಹಾಕಿದ ನೀರಲ್ಲಿ ಎರಡು ನಿಮಿಷ ಕೈ ಅದ್ದಿ, ಆಮೇಲೆ ಎಡಗೈಯಿಂದ ತೆಗೆಯಬೇಕು. ಆಗದಿದ್ದರೆ ಆ ಡಬ್ಬಿ ಅಡುಗೆಮನೆಗೆ. ಊರಲ್ಲಿ ಹಿಮ ಇಲ್ಲ ಅನ್ನಬೇಡಿ. ಕುಮಾರ ಪರ್ವತ 1,712 ಮೀಟರ್. ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತವನಿಗೆ ಬೆರಳು ಎಷ್ಟು ಹೊತ್ತು ಮಾತು ಕೇಳುತ್ತೆ ಅಂತ ಗೊತ್ತಿದೆ, ನಾನೇ ನಿಂತಿದ್ದೇನೆ.

ಸುಮ್ನೆ_ಕೇಳ್ದೆ ಅವರೇ, ನಿಮ್ಮ ಮಾತು ಇಲ್ಲಿನವರಿಗೂ ಒಪ್ಪಿಗೆ. ಬೆಟ್ಟಕ್ಕೆ ಹೋಗುವವರಿಗೆ ಅಂತ ಇಲ್ಲಿ ಒಂಬತ್ತು ನಿಯಮ ಇವೆ, ಚಿಕ್ಕ ಮಕ್ಕಳಿಗೂ ಬಾಯಿಪಾಠ. ಮೊದಲನೆಯದೇ ಎಲ್ಲಿಗೆ ಹೋಗುತ್ತೀರಿ ಅಂತ ಹೇಳಿ ಹೋಗಿ ಅನ್ನುವುದು.

ಸುಮ್ನೆ_ಕೇಳ್ದೆ · ಜೂನ್ 11, ಬೆಳಗ್ಗೆ 8:00

ನೋಡಿದ್ರಾ! 😎

(ಸೀಟಿ ಒಂದು ನಾನೂ ತಗೊಂಡೆ, ಯಾರಿಗೂ ಹೇಳಬೇಡಿ.)

ಪೀಣ್ಯ_ಮೋಲ್ಡಿಂಗ್ · ಜೂನ್ 11, ಬೆಳಗ್ಗೆ 8:35

ಓಸ್ಲೋ ಅವರ ಪರೀಕ್ಷೆಯ ಜೊತೆ ನಮ್ಮ ಕಾರ್ಖಾನೆಯದ್ದೂ ಒಂದು ಸೇರಿಸಿ. ಸೋರುತ್ತಾ ಅಂತ ನೋಡಲು ರಾತ್ರಿಯಿಡೀ ಕಾಯಬೇಕಾಗಿಲ್ಲ. ಖಾಲಿ ಡಬ್ಬಿ ಮುಚ್ಚಿ, ಸ್ನಾನದ ನೀರಿನಷ್ಟು ಬಿಸಿ ಇರುವ ಬಕೆಟ್ಟಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ. ಎಲ್ಲಿ ಸಂದು ಇದೆಯೋ ಅಲ್ಲಿಂದ ಗುಳ್ಳೆ ಬರುತ್ತೆ. ಪಂಕ್ಚರ್ ಅಂಗಡಿಯವನು ಟ್ಯೂಬ್ ಅದ್ದಿ ನೋಡುವ ಹಾಗೇ. ಗುಳ್ಳೆ ಬರದಿದ್ದರೆ ಆಮೇಲೆ ಟಿಶ್ಯೂ ಪೇಪರ್ ಹಾಕಿ, ಕಲ್ಲು ಕಟ್ಟಿ, ರಾತ್ರಿ ಮುಳುಗಿಸಿಡಿ.

ಇನ್ನೊಂದು ಮರೆತಿದ್ದೆ. ಹೊರಗಿನ ನೀರು ತಡೆದರೂ ಒಳಗೆ ಮುಚ್ಚಿಟ್ಟ ಗಾಳಿಯಲ್ಲೇ ತೇವ ಇರುತ್ತೆ. ಮಳೆ ಸುರಿಯುವ ದಿನ ಜಗಲಿಯಲ್ಲಿ ಕೂತು ಪ್ಯಾಕ್ ಮಾಡಿದರೆ ಆ ತೇವವನ್ನೂ ಒಳಗೆ ಹಾಕಿ ಬೀಗ ಹಾಕಿದಂತೆ.

ತೀರ್ಥಹಳ್ಳಿ_ತೋಟ · ಜೂನ್ 11, ಬೆಳಗ್ಗೆ 9:20

ಅದಕ್ಕೇ ನಮ್ಮಲ್ಲಿ ಬೆಂಕಿಪೊಟ್ಟಣ, ಉಪ್ಪು, ಬೀಡಿ ಎಲ್ಲ ಒಲೆ ಮೇಲಿನ ಅಟ್ಟಕ್ಕೆ. ಮಳೆಗಾಲದಲ್ಲಿ ಬೇರೆಲ್ಲಿ ಇಟ್ಟರೂ ಗೀರಿದರೆ ಹತ್ತುವುದಿಲ್ಲ. ಪಟ್ಟಣದವರು ಅಕ್ಕಿ ಡಬ್ಬದಲ್ಲಿ ಒಂದು ರಾತ್ರಿ ಹೂತಿಟ್ಟು ಆಮೇಲೆ ತುಂಬಿ.

ಹಳೆ_ತಗಡು · ಜೂನ್ 11, ಮಧ್ಯಾಹ್ನ 12:45

ಚಳಿ, ಒದ್ದೆ ಅಂತ ಇಷ್ಟು ಮಾತಾಡಿದಿರಿ. ಮಳೆಯಲ್ಲಿ ಕೂತು ಕಾಯಬೇಕಾದರೆ ಮೈ ಮುಚ್ಚಲು ದೊಡ್ಡ ಹಾಳೆ ಬೇಕಲ್ಲ, ಅದರ ಸುದ್ದಿ ಯಾರೂ ಎತ್ತಲಿಲ್ಲ. ಅದು ಯಾವ ಜೇಬಿನ ಡಬ್ಬಿಗೂ ಹಿಡಿಸಲ್ಲ. ನಾನು ದೊಡ್ಡ ಕಸದ ಚೀಲವನ್ನು ಚಪ್ಪಟೆ ಮಡಚಿ ಹಿಂದಿನ ಜೇಬಲ್ಲಿ ಇಡುತ್ತೇನೆ. ತಲೆಗೆ, ಕೈಗೆ ತೂತು ಮಾಡಿ ಹಾಕಿಕೊಂಡರೆ ಕಂಬಳಿ ಕೊಪ್ಪೆಯ ತಮ್ಮ.

ತಗಡಿನವನು ಪ್ಲಾಸ್ಟಿಕ್ ಚೀಲ ಹೊಗಳಿದ್ದಕ್ಕೆ ಯಾರೂ ನಗಬಾರದು.

ಘಟ್ಟದ_ದಾರಿಗ · ಜೂನ್ 22, ರಾತ್ರಿ 9:15

ಎರಡು ವಾರ ಆಯಿತು. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಮೊದಲು ಸಾಮಾನನ್ನೆಲ್ಲ ಪೇಪರ್ ಮೇಲೆ ಹರಡಿ, ಭಾನುವಾರ ಆ ಇಪ್ಪತ್ತು ನಿಮಿಷದಲ್ಲಿ ನಿಜವಾಗಿ ಏನು ಬೇಕಿತ್ತು ಅಂತ ಯೋಚಿಸಿದೆ. ಅರ್ಧಕ್ಕರ್ಧ ಹೋಯಿತು. ಉಳಿದದ್ದಕ್ಕೆ ಒಂದು ಅಂಗೈ ಜಾಗ ಸಾಕು. ಇಷ್ಟು ದಿನ ಉಲ್ಟಾ ಮಾಡುತ್ತಿದ್ದೆ. ಡಬ್ಬಿ ಮೊದಲು ತಂದು, ಖಾಲಿ ಕಂಡಲ್ಲೆಲ್ಲ ಏನಾದರೂ ತುರುಕುವುದು.

ನಾಲ್ಕು ಡಬ್ಬಿ ಬಕೆಟ್ಟಿಗೆ ಹಾಕಿದೆ. ಸೋಪು ಡಬ್ಬಿ ಮುಳುಗಿಸಿದ ಕೂಡಲೇ ಗುಳ್ಳೆ ಬಿಟ್ಟಿತು, ಅದನ್ನು ಯಾಕೆ ಹಾಕಿದೆನೋ. ಪ್ರಿಫಾರ್ಮ್ ಪೂರ್ತಿ ಒಣ. ಆದರೆ ಬ್ಯಾಂಡ್‌ಏಡ್ ತಳದಲ್ಲಿ ಕೂತರೆ ಬೆರಳು ಹೋಗಲ್ಲ, ತಲೆಕೆಳಗೆ ಮಾಡಿ ಬಡಿಯಬೇಕು. ಮೂತ್ರದ ಡಬ್ಬಿಯೂ ಒಣ. ಸ್ಟ್ರಿಪ್ ಡಬ್ಬಿ (ನಮ್ಮ ಮಾವನದ್ದು, ನಾನೇ ಎದುರು ನಿಂತು ಖಾಲಿ ಮಾಡಿಸಿದ್ದು) ಗುಳ್ಳೆ ಬಿಡಲಿಲ್ಲ, ಬೆಳಗ್ಗೆ ಟಿಶ್ಯೂ ಗರಿಗರಿ ಇತ್ತು. ಐಸ್ ನೀರಿನ ಪರೀಕ್ಷೆಯಲ್ಲಿ ಪ್ರಿಫಾರ್ಮ್ ಮುಚ್ಚಳ ತಿರುಗಿಸಲು ಎಡಗೈಗೆ ಆಗಲೇ ಇಲ್ಲ. ಸ್ಟ್ರಿಪ್ ಡಬ್ಬಿ ಹೆಬ್ಬೆರಳಲ್ಲೇ ತೆರೆಯಿತು.

ಹಾಗಾಗಿ ಎರಡು ಸ್ಟ್ರಿಪ್ ಡಬ್ಬಿ. ಒಂದರಲ್ಲಿ ಬೆಂಕಿಕಡ್ಡಿ, ಗೀರುವ ಪಟ್ಟಿ ಬೇರೆ ಕವರಲ್ಲಿ. ಇನ್ನೊಂದರಲ್ಲಿ ಬ್ಯಾಂಡ್‌ಏಡ್, ಸೂಜಿ ದಾರ, ಫಾಯಿಲಿನ ಅಂಚು ಬಿಟ್ಟು ಕತ್ತರಿಸಿದ ಮಾತ್ರೆ, ತಾರೀಖಿನ ಚೀಟಿ. ಬ್ಲೇಡು ಹಿಡಿಸಲಿಲ್ಲ, ಒಂದು ಮಿಲಿಮೀಟರಿಗೆ ತಪ್ಪಿತು. ಅದಕ್ಕೆ ಎಣ್ಣೆ ಸವರಿ, ಅದರ ಕಾಗದದಲ್ಲೇ ಸುತ್ತಿ ಟೇಪಲ್ಲಿ ಡಬ್ಬಿ ಹೊರಗೆ ಅಂಟಿಸಿದ್ದೇನೆ. ವಿಮಾನ ಹತ್ತುವ ದಿನ ಬ್ಲೇಡು, ಕಡ್ಡಿ ಎರಡೂ ಮನೆಯಲ್ಲಿ ಬಿಡಬೇಕು ಅನ್ನುವುದನ್ನು ಚೀಟಿಯಲ್ಲೇ ಬರೆದಿದ್ದೇನೆ. ಸೀಟಿ ಕೊರಳಲ್ಲಿ. ಕಸದ ಚೀಲ ಹಿಂದಿನ ಜೇಬಲ್ಲಿ.

ಜೇಬಿಲ್ಲದವಳು · ಜೂನ್ 22, ರಾತ್ರಿ 9:40

ಬ್ಲೇಡಿನ ಬದಲು ಪೆನ್ಸಿಲ್ ಚೂಪು ಮಾಡುವ ಮೆಂಡರಿನ ಬ್ಲೇಡ್ ಬಿಚ್ಚಿ ಹಾಕಿ. ಹಿಡಿಸುತ್ತೆ, ದಪ್ಪವೂ ಇದೆ. ಸ್ಕ್ರೂ ಒಂದೇ.

ಕಂಪಾಸ್_ಬಾಕ್ಸ್ · ಜೂನ್ 22, ರಾತ್ರಿ 9:44

ಮೆಂಡರ್ ಎಲ್ಲಿರುತ್ತೆ ಹೇಳಿ ನೋಡೋಣ? ಕಂಪಾಸ್ ಬಾಕ್ಸಲ್ಲಿ!

ತೀರ್ಥಹಳ್ಳಿ_ತೋಟ · ಜೂನ್ 23, ಬೆಳಗ್ಗೆ 6:50

ದಾರಿಗರೇ, ಮುಂದಿನ ಸಲ ಯಾವಾಗ ತೆಗೆದು ನೋಡುತ್ತೀರಿ?

ಘಟ್ಟದ_ದಾರಿಗ · ಜೂನ್ 23, ಬೆಳಗ್ಗೆ 7:30

ಮಾವನ ಸ್ಟ್ರಿಪ್ ಡಬ್ಬಿ ಖಾಲಿಯಾದಾಗೆಲ್ಲ ಸರ್. ಹೊಸ ಡಬ್ಬಿಗೆ ಬದಲಾಯಿಸುವಾಗ ಎಲ್ಲ ಹೊರಗೆ ತೆಗೆಯಲೇಬೇಕು. ಮುಂದಿನದು ಆಗಸ್ಟಲ್ಲಿ.